ನೊಂದವರ ಮುಂದೆ ಏನು ಹೇಳಬೇಕು, ಏನು ಹೇಳಬಾರದು

[ಶೀರ್ಷಿಕೆ. ನಂತರ ನಿರೂಪಣೆ]

ನಮಸ್ಕಾರ. ಸಾವಾದ ಮನೆಗೋ, ನೆರೆಯಲ್ಲಿ ಎಲ್ಲವನ್ನೂ ಕಳೆದುಕೊಂಡವರ ಬಳಿಗೋ ಹೋದಾಗ ನಮ್ಮ ಬಾಯಿಂದ ಮೊದಲು ಹೊರಡುವ ಮಾತುಗಳು ಬಹುತೇಕ ಒಂದೇ ಬಗೆಯವು: ‘ಅಳಬೇಡಿ, ಧೈರ್ಯ ತಂದುಕೊಳ್ಳಿ’, ‘ಎಲ್ಲ ದೈವೇಚ್ಛೆ’, ‘ನೀವಾದರೂ ಉಳಿದಿರಲ್ಲ, ಅದೇ ಪುಣ್ಯ’. ಇವುಗಳ ಹಿಂದಿರುವ ಕಳಕಳಿ ನಿಜವೇ ಆದರೂ, ಆಗಷ್ಟೇ ಪೆಟ್ಟು ತಿಂದವರಿಗೆ ಇವು ದುಃಖಪಡುವುದೇ ತಪ್ಪು ಎಂಬಂತೆ ಕೇಳಿಸುವುದುಂಟು.

[ಪರದೆಯ ಮೇಲೆ: ಗಮನಿಸಿ – ಆಲಿಸಿ – ನೆರವಿಗೆ ಜೋಡಿಸಿ]

ವಿಶ್ವ ಆರೋಗ್ಯ ಸಂಸ್ಥೆಯು ಬೇರೆರಡು ಸಂಸ್ಥೆಗಳೊಡನೆ ಸೇರಿ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೊಂದನ್ನು ಹೊರತಂದಿತು. ವೈದ್ಯರಲ್ಲದವರೂ ಅನುಸರಿಸಬಹುದಾದ ಈ ಕ್ರಮದಲ್ಲಿ ಮೊದಲನೆಯದು ಗಮನಿಸುವುದು, ಅಂದರೆ ಸ್ಥಳ ಸುರಕ್ಷಿತವಾಗಿದೆಯೇ, ತುರ್ತು ನೆರವು ಯಾರಿಗೆ ಬೇಕು ಎಂದು ನೋಡುವುದು.

ಕಷ್ಟವಾದದ್ದು ಆಲಿಸುವುದು. ನಡೆದದ್ದನ್ನೆಲ್ಲ ಒಮ್ಮೆ ಬಾಯಿಬಿಟ್ಟು ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ಒಂದು ಕಾಲಕ್ಕೆ ತಜ್ಞರಲ್ಲಿಯೂ ಇತ್ತು. ಆದರೆ ಆಘಾತದ ಬೆನ್ನಿಗೇ ಒಂದೇ ಬೈಠಕ್ಕಿನಲ್ಲಿ ಹೀಗೆ ಹೇಳಿಸುವುದರಿಂದ ಮುಂದಿನ ಮಾನಸಿಕ ತೊಂದರೆ ತಪ್ಪುವುದಿಲ್ಲವೆಂದು ಸಂಶೋಧನೆಗಳು ತೋರಿಸಿದ ಮೇಲೆ ಆ ಪದ್ಧತಿಯನ್ನು ಕೈಬಿಡಲಾಯಿತು. (ದುರಂತದ ಸ್ಥಳದಲ್ಲಿ ‘ಈಗ ನಿಮಗೆ ಏನನ್ನಿಸುತ್ತಿದೆ?’ ಎಂದು ಮೈಕು ಚಾಚುವ ವರದಿಗಾರರಿಗೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ.) ಹೇಳಬೇಕೆನ್ನಿಸಿದವರು ಹೇಳಲಿ, ಹೇಳಲಾಗದವರ ಜೊತೆ ನಾವೂ ಸುಮ್ಮನೆ ಕುಳಿತಿರೋಣ. ‘ನಿಮಗೆ ಇದು ಬಹಳ ಕಷ್ಟವಾಗಿರಬೇಕು’ ಎಂಬಷ್ಟು ಮಾತು ಸಾಕು. ನಮ್ಮ ಮನೆಯ ಕಷ್ಟವನ್ನೋ ಮತ್ತೊಬ್ಬರ ಕಥೆಯನ್ನೋ ಆಗ ತೆಗೆಯಬಾರದು. ಪರಿಹಾರ ಬಂದೇ ಬರುತ್ತದೆ, ಕಾಣೆಯಾದವರು ಸಿಕ್ಕೇ ಸಿಗುತ್ತಾರೆ ಎಂಬಂಥ ಭರವಸೆಯನ್ನಂತೂ, ನಮಗೇ ಖಚಿತವಿಲ್ಲದಿರುವಾಗ, ಕೊಡಲೇಬಾರದು. ದಿಕ್ಕು ತೋಚದಂತಾದವರಿಗೆ ಪಾದಗಳನ್ನು ನೆಲಕ್ಕೆ ಊರಿಸಿ, ನಿಧಾನವಾಗಿ ಉಸಿರಾಡಲು ಹೇಳಿ, ಸುತ್ತ ಕಾಣುವ ವಸ್ತುಗಳತ್ತ ಅವರ ಗಮನ ಸೆಳೆಯಬಹುದು.

[ದೃಶ್ಯ: ಅಡುಗೆಮನೆಯಲ್ಲಿ ಪಾತ್ರೆಗೆ ಅನ್ನ, ಸಾರು ತುಂಬುತ್ತಿರುವ ಕೈಗಳು]

ಮೂರನೆಯದು ನೆರವಿಗೆ ಜೋಡಿಸುವುದು. ಸಾವಾದ ಮನೆಯಲ್ಲಿ ಒಲೆ ಹಚ್ಚದಿರುವಾಗ ನೆಂಟರು, ನೆರೆಯವರು ಅನ್ನ, ಸಾರು ಮಾಡಿ ತಂದು ಬಡಿಸುವ ಪದ್ಧತಿ ನಮ್ಮ ಅನೇಕ ಸಮುದಾಯಗಳಲ್ಲಿದೆ; ಕೈಪಿಡಿ ಹೇಳುವುದೂ ಬಹುಮಟ್ಟಿಗೆ ಇದನ್ನೇ. ಊಟ, ನೀರು, ಮಲಗಲು ಜಾಗ, ದೂರದ ಬಂಧುಗಳಿಗೆ ಒಂದು ಫೋನ್ ಕರೆ, ಕಚೇರಿಯ ಕಾಗದಪತ್ರಗಳಿಗಾಗಿ ಜೊತೆಗೊಬ್ಬರು ಓಡಾಡುವುದು – ಇವು ಉಪದೇಶಕ್ಕಿಂತ ಮೊದಲು ಬೇಕಾದವು. 2004ರ ಸುನಾಮಿಯ ನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಸಂತ್ರಸ್ತರಿಗೆ ಮಾನಸಿಕ ಆಸರೆ ನೀಡಲು ಸ್ಥಳೀಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು; ಇದು ಮನೋವೈದ್ಯರಿಂದಷ್ಟೇ ಆಗುವ ಕೆಲಸವಲ್ಲ.

ಆದರೂ ವಾರಗಳು ಕಳೆದ ಮೇಲೂ ನಿದ್ರೆ, ಊಟ, ದಿನದ ಕೆಲಸ ಯಾವುದೂ ಸಾಧ್ಯವಾಗದಿದ್ದರೆ ತಜ್ಞರನ್ನು ಕಾಣಲೇಬೇಕು. ಬದುಕು ಸಾಕೆಂಬ ಮಾತು ಬಂದರಂತೂ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ನೆರವು ಪಡೆಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ, ಹಗಲಿರುಳೂ ಉಚಿತವಾಗಿ ದೊರೆಯುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416; ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.