ಕಾಫಿ ರೇಟ್ ಏರುವ ಮುಂಚೆ ಸುದ್ದಿ ಸಿಗಬೇಕಾ? ಫಾಲೋ ಪಟ್ಟಿಯನ್ನು ಜರಡಿ ಹಿಡಿಯಿರಿ

ನಮಸ್ಕಾರ. ಚಿಕ್ಕಮಗಳೂರು, ಕೊಡಗಿನ ಕಾಫಿ ವ್ಯಾಪಾರಿಗಳು ಕೇಳುವ ಪ್ರಶ್ನೆ ಇದು: "ನೂರಾರು ಖಾತೆ ಫಾಲೋ ಮಾಡ್ತೀವಿ. ಆದ್ರೂ ರೇಟ್ ಏರಿದ ಮೇಲೇ ಸುದ್ದಿ ಗೊತ್ತಾಗುತ್ತೆ. ಯಾಕೆ?"

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ದೇಶದ ಕಾಫಿಯಲ್ಲಿ ಸುಮಾರು 70% ನಮ್ಮ ಕರ್ನಾಟಕದ್ದು. ಆದರೆ ಕಾಫಿಯ ಎರಡು ಮುಖ್ಯ ತಳಿಗಳಲ್ಲಿ ಅರೇಬಿಕಾ ರೇಟಿಗೆ ನ್ಯೂಯಾರ್ಕ್ ಮಾರುಕಟ್ಟೆ ಕಡೆ ನೋಡಬೇಕು, ರೊಬಸ್ಟಾಗೆ ಲಂಡನ್ ಮಾರುಕಟ್ಟೆ ಕಡೆ.

[ಸ್ಕ್ರೀನ್ ಮೇಲೆ: ಬ್ರೆಜಿಲ್ ಭೂಪಟ]

2021ರ ಜುಲೈ 20. ಬ್ರೆಜಿಲ್‌ನ ಮಿನಾಸ್ ಜೆರೈಸ್ ಕಡೆ ಕಾಫಿ ತೋಟಗಳಿಗೆ ಜೋರಾದ ಫ್ರಾಸ್ಟ್ ಬಡಿಯಿತು. ಗಿಡದ ಮೇಲಿನ ಇಬ್ಬನಿಯೇ ಹೆಪ್ಪುಗಟ್ಟಿ ಎಲೆ ಕರಕಲಾಗುವ ಚಳಿ. ಅದೇ ತಿಂಗಳ 26ರ ಹೊತ್ತಿಗೆ ಅರೇಬಿಕಾ ಪೌಂಡಿಗೆ 2 ಡಾಲರ್ ದಾಟಿತು, 2014ರ ನಂತರ ಮೊದಲ ಸಲ. ಫ್ರಾಸ್ಟ್‌ಗೂ ಆ ರೇಟ್‌ಗೂ ನಡುವೆ ಇದ್ದದ್ದು ಬರೀ ಆರು ದಿನ. ಆ ಆರು ದಿನ ನಿಮ್ಮ ಫೀಡ್ ಲ್ಯಾಟೆ ಆರ್ಟ್ ತೋರಿಸುತ್ತಿದ್ದರೆ ಏನು ಪ್ರಯೋಜನ?

ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಏನು ಮಾಡುತ್ತಾರೆ? ಬೀಜವನ್ನು ಜರಡಿ ಹಿಡಿದು ಎಎ, ಎ, ಬಿ, ಪಿಬಿ (ಪೀಬೆರಿ, ಅಂದರೆ ದುಂಡನೆಯ ಒಂಟಿ ಬೀಜ) ಅಂತ ಗ್ರೇಡ್ ಮಾಡಿ ಬೇರೆ ಮಾಡುತ್ತಾರೆ. ಒಂದೇ ತೋಟದ ಬೀಜ, ಆದರೆ ಗ್ರೇಡ್‌ಗೆ ತಕ್ಕ ಬೆಲೆ. ಫಾಲೋ ಪಟ್ಟಿಗೂ ಹೀಗೇ ಗ್ರೇಡ್ ಬೇಕು. ಗ್ರೇಡ್ ಕೊಡುವಾಗ "ಇವರು ಫೇಮಸ್ಸಾ?" ಅಂತ ಕೇಳಬೇಡಿ. "ಈ ಖಾತೆ ನೋಡಿ ನಾನು ಯಾವ ನಿರ್ಧಾರ ತೆಗೆದುಕೊಳ್ಳುತ್ತೇನೆ?" ಅಂತ ಕೇಳಿ. ಈಗ ಮಾರಬೇಕಾ, ಸ್ಟಾಕ್ ಇಡಬೇಕಾ ಅನ್ನುವುದಕ್ಕೆ ಒಂದು ಪಟ್ಟಿ. ಯುರೋಪಿಗೆ ಕಳಿಸಲು ಯಾವ ದಾಖಲೆ ಬೇಕು ಅನ್ನುವುದಕ್ಕೆ ಇನ್ನೊಂದು. ಯಾವ ನಿರ್ಧಾರಕ್ಕೂ ಬಾರದ ಖಾತೆ ಚೆನ್ನಾಗಿದ್ದರೂ ಕೆಲಸದ ಪಟ್ಟಿಗೆ ಬೇಡ.

[ಸ್ಕ್ರೀನ್ ಮೇಲೆ: ಎಕ್ಸ್ ಲಿಸ್ಟ್]

ನನಗೆ ತುಂಬಾ ಇಷ್ಟವಾದ ವಿಷಯ ಇದು. ಎಕ್ಸ್‌ನಲ್ಲಿ, ಅಂದರೆ ಹಳೆಯ ಟ್ವಿಟರ್‌ನಲ್ಲಿ, ಬೇಕಾದ ಖಾತೆಗಳನ್ನಷ್ಟೇ ಒಟ್ಟಿಗೆ ಇಡಲು ಲಿಸ್ಟ್ ಮಾಡಬಹುದು. ಯಾರನ್ನಾದರೂ ಲಿಸ್ಟಿಗೆ ಸೇರಿಸಲು ಅವರನ್ನು ಫಾಲೋ ಮಾಡಲೇಬೇಕು ಅಂತಿಲ್ಲ! ಲಿಸ್ಟನ್ನು ಪ್ರೈವೇಟ್ ಮಾಡಿದರೆ ಅವರಿಗೆ ನೋಟಿಫಿಕೇಶನ್ನೂ ಹೋಗುವುದಿಲ್ಲ. ಪಕ್ಕದ ಊರಿನ ಪ್ರತಿಸ್ಪರ್ಧಿ, ನಿಮ್ಮ ದೊಡ್ಡ ಖರೀದಿದಾರ, ಬ್ರೆಜಿಲ್‌ನ ಹವಾಮಾನ ತಜ್ಞರು, ಎಲ್ಲರನ್ನೂ ಸದ್ದಿಲ್ಲದೆ ಹಾಕಿಡಬಹುದು. ಲಿಸ್ಟ್ ತೆರೆದರೆ ಅವರ ಪೋಸ್ಟ್‌ಗಳೇ ಬರುತ್ತವೆ. ಪೋರ್ಚುಗೀಸ್‌ನಲ್ಲಿ ಇದ್ದರೆ ಅನುವಾದದ ಬಟನ್ ಒತ್ತಿ.

ಲಿಸ್ಟ್ ಮಾಡಿ ಸುಮ್ನೆ ಬಿಡಬೇಡಿ, ಬೆಳೆಯ ಕ್ಯಾಲೆಂಡರ್ ಪ್ರಕಾರ ಬದಲಿಸಿ. ಜೂನ್‌ನಿಂದ ಆಗಸ್ಟ್ ಬ್ರೆಜಿಲ್‌ನ ಚಳಿ ಮುಖ್ಯ. ಅಕ್ಟೋಬರ್ ಬಂದರೆ ವಿಯೆಟ್ನಾಂ ಕೊಯ್ಲು, ಅಲ್ಲಿ ಮಳೆ ಜಾಸ್ತಿಯಾದರೆ ರೊಬಸ್ಟಾ ಒಣಗಿಸುವುದು ಕಷ್ಟ. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮದೇ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ. ಆಗ ಹವಾಮಾನ ಇಲಾಖೆ ಮೇಲೆ ಬರಲಿ, ಬ್ರೆಜಿಲ್ ಕೆಳಗೆ ಹೋಗಲಿ.

ಸಮಯ ಆಗುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಇನ್‌ಸ್ಟಾಗ್ರಾಮ್‌ನ ಫೇವರಿಟ್ಸ್‌ಗೆ 50 ಖಾತೆಯವರೆಗೆ ಹಾಕಬಹುದು, ಕೆಫೆ ಮತ್ತು ರೋಸ್ಟರ್‌ಗಳನ್ನು ಅಲ್ಲಿಡಿ. ಲಿಂಕ್ಡ್‌ಇನ್‌ನಲ್ಲಿ ಸಂಪರ್ಕ ಉಳಿಸಿಕೊಂಡೇ ಅನ್‌ಫಾಲೋ ಮಾಡಬಹುದು, ಯಾರಿಗೂ ಬೇಜಾರಾಗಲ್ಲ. ಕಾಫಿ ಬೋರ್ಡ್, ಬ್ರೆಜಿಲ್‌ನ ಬೆಳೆ ಅಂದಾಜು ಕೊಡುವ ಸರ್ಕಾರಿ ಸಂಸ್ಥೆ ಕೊನಾಬ್, ಲಂಡನ್‌ನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ, ಇವು ಎಲ್ಲರ ಪಟ್ಟಿಯಲ್ಲೂ ಇರಲಿ. ವಾಟ್ಸಾಪ್ ಫಾರ್ವರ್ಡ್ ಬಂದರೆ ಮೊದಲು ಈ ಮೂಲಗಳಲ್ಲಿ ಹುಡುಕಿ, ಆಮೇಲೆ ಚೀಲ ಮಾರುವ ಮಾತಾಡಿ.

ನಿಮ್ಮದು ಕಾಳುಮೆಣಸೋ ಅಡಿಕೆಯೋ ಆಗಿದ್ದರೆ, ನೀವು ನಂಬುವ ಖಾತೆಗಳ ಹೆಸರನ್ನು ಕಾಮೆಂಟ್‌ನಲ್ಲಿ ಬರೆಯಿರಿ. ಮುಂದಿನ ವಿಡಿಯೋ ಆ ಬೆಳೆಗಳ ಮೇಲೆ.