ರೂಪದರ್ಶಿಯ ಎದುರು ಇದ್ದಿಲ ಕಡ್ಡಿ

ಕೇಳುಗರಿಗೆ ನಮಸ್ಕಾರ. ಎದುರಿಗಿರುವ ಮನುಷ್ಯನನ್ನು ನೋಡಿ ಇದ್ದಿಲಿನಿಂದ ಚಿತ್ರ ಬರೆಯುವ ಅಭ್ಯಾಸದ ಕುರಿತು ಇಂದು ಮಾತನಾಡಲಿದ್ದೇನೆ. ಇದು ಹಳೆಯ ಪದ್ಧತಿ. 1580ರ ದಶಕದಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಕರಾಚ್ಚಿ (Carracci) ಮನೆತನದ ಮೂವರು ಕಲಾವಿದರು ಆರಂಭಿಸಿದ ಅಕಾಡೆಮಿಯಲ್ಲಿ ಜೀವಂತ ರೂಪದರ್ಶಿಯನ್ನು ನೋಡಿ ಬರೆಯುವುದಕ್ಕೆ ಪ್ರಮುಖ ಸ್ಥಾನವಿತ್ತು. ಆದರೆ ಈ ಶಿಕ್ಷಣ ಬಹುಕಾಲ ಎಲ್ಲರಿಗೂ ತೆರೆದಿರಲಿಲ್ಲ. 1768ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ರಾಯಲ್ ಅಕಾಡೆಮಿಯ ಮೊದಲ ಸದಸ್ಯರಲ್ಲಿ ಏಂಜೆಲಿಕಾ ಕಾಫ್‌ಮನ್ ಮತ್ತು ಮೇರಿ ಮೋಸರ್ ಎಂಬ ಇಬ್ಬರು ಮಹಿಳೆಯರಿದ್ದರು; ಆದರೂ ಅಲ್ಲಿನ ಸದಸ್ಯರನ್ನು ಕುರಿತು ಚಿತ್ರಕಾರ ಯೊಹಾನ್ ಜೊಫನಿ ಬರೆದ ಸಮೂಹಚಿತ್ರದಲ್ಲಿ ನಗ್ನ ರೂಪದರ್ಶಿಯ ಸುತ್ತ ನೆರೆದವರು ಗಂಡಸರು ಮಾತ್ರ, ಆ ಇಬ್ಬರು ಕಲಾವಿದೆಯರು ಗೋಡೆಗೆ ತೂಗುಹಾಕಿದ ಭಾವಚಿತ್ರಗಳಲ್ಲಷ್ಟೇ ಕಾಣಿಸುತ್ತಾರೆ.

ಛಾಯಾಚಿತ್ರ ಕೈಗೆಟುಕುವಾಗ ರೂಪದರ್ಶಿ ಏಕೆ ಬೇಕು ಎಂದು ಕೇಳುವವರಿದ್ದಾರೆ. ಕ್ಯಾಮೆರಾ ಒಂದೇ ಕಣ್ಣಿನಿಂದ ನೋಡಿ ದೇಹವನ್ನು ಆಗಲೇ ಚಪ್ಪಟೆಯಾಗಿಸಿ ಕೊಟ್ಟಿರುತ್ತದೆ. ಆಳವಿರುವ ವಸ್ತುವನ್ನು ಹಾಳೆಗೆ ಇಳಿಸುವ ಕೆಲಸವನ್ನು ಕಲಿಯುವವನ ಬದಲು ಅದೇ ಮಾಡಿ ಮುಗಿಸಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎದುರು ನಿಂತ ವ್ಯಕ್ತಿಯ ಮೈಭಾರ ನಮ್ಮ ಅನುಭವಕ್ಕೆ ಬರುತ್ತದೆ.

ಹೊಸಬರು ಸಾಮಾನ್ಯವಾಗಿ ಕಣ್ಣು, ಮೂಗುಗಳಿಂದ ಆರಂಭಿಸಿ ಕೆಳಗಿಳಿಯುತ್ತಾರೆ. ಪಾದ ಬರುವ ವೇಳೆಗೆ ಹಾಳೆ ಮುಗಿದಿರುತ್ತದೆ. ಅದಕ್ಕೆಂದೇ ತರಗತಿಗಳು ಅರ್ಧ ನಿಮಿಷದಿಂದ ಎರಡು ನಿಮಿಷದವರೆಗಿನ ಚುಟುಕು ಭಂಗಿಗಳಿಂದ ಆರಂಭವಾಗುತ್ತವೆ. ಅಷ್ಟು ಕಡಿಮೆ ಸಮಯದಲ್ಲಿ ಮುಖವನ್ನು ಬರೆಯಲಾಗದು, ಮೈ ಬಾಗಿದ ಬಗೆಯನ್ನು ಮಾತ್ರ ಹಿಡಿಯಬಹುದು. ಒಂದು ಕಾಲಿನ ಮೇಲೆ ಭಾರ ಹಾಕಿ ಸಡಿಲವಾಗಿ ನಿಂತವರನ್ನು ಗಮನಿಸಿ: ಭಾರ ಹೊತ್ತ ಕಾಲಿನ ಕಡೆಯ ಸೊಂಟ ಮೇಲೇರುತ್ತದೆ, ಅದೇ ಬದಿಯ ಭುಜ ಸಾಮಾನ್ಯವಾಗಿ ಕೆಳಗಿಳಿಯುತ್ತದೆ, ಮುಂದಿನಿಂದ ನೋಡಿದಾಗ ಕತ್ತಿನ ಗುಳಿಯಿಂದ ಇಳಿಬಿಟ್ಟ ತೂಗುದಾರ ಆ ಕಾಲಿನ ಹರಡಿನ ಬಳಿಗೆ ಬಂದು ನಿಲ್ಲುತ್ತದೆ. ಈ ಒಂದು ನೇರಗೆರೆ ತಪ್ಪಿದರೆ, ಉಳಿದುದೆಲ್ಲ ಎಷ್ಟೇ ನಾಜೂಕಾಗಿದ್ದರೂ ಚಿತ್ರದಲ್ಲಿನ ಮನುಷ್ಯ ಬೀಳುವಂತೆ ತೋರುತ್ತಾನೆ.

ಅಳತೆಗೆ ಕೈಯಲ್ಲಿನ ಕಡ್ಡಿಯೇ ಸಾಕು. ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ತಲೆಯ ಉದ್ದವನ್ನು ಕಡ್ಡಿಯ ಮೇಲೆ ಹೆಬ್ಬೆರಳಿನಿಂದ ಗುರುತಿಸಿಕೊಂಡರೆ, ನಿಂತ ವಯಸ್ಕರ ಎತ್ತರ ಸುಮಾರು ಏಳೂವರೆ ತಲೆಯಷ್ಟಾಗುತ್ತದೆ. ಆದರೆ ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡು ಬರೆಯುವುದನ್ನು ನಾನು ಒಪ್ಪುವುದಿಲ್ಲ. ರೂಪದರ್ಶಿ ಕುಳಿತು ಮೊಣಕಾಲನ್ನು ನಮ್ಮತ್ತ ಚಾಚಿದಾಗ ತೊಡೆ ಅಂಗೈಯಗಲಕ್ಕೆ ಕುಗ್ಗಿ ಕಾಣುತ್ತದೆ. ತೊಡೆ ಉದ್ದವಾದದ್ದೆಂದು ತಿಳಿದ ಮನಸ್ಸು ಕಣ್ಣು ಕಂಡದ್ದನ್ನು ತಿದ್ದಿ, ಅದನ್ನು ಉದ್ದವಾಗಿಯೇ ಬರೆಸುತ್ತದೆ. ಆಗ ತೊಡೆಯನ್ನು ಮರೆತು, ಅದರ ಪಕ್ಕದ ಖಾಲಿ ಜಾಗದ ಆಕಾರವನ್ನು ಬರೆಯುವುದು ಒಳ್ಳೆಯ ಉಪಾಯ, ಏಕೆಂದರೆ ಖಾಲಿ ಜಾಗದ ಬಗ್ಗೆ ಮನಸ್ಸಿಗೆ ಪೂರ್ವಗ್ರಹವಿಲ್ಲ.

ಗಾಳಿಯಾಡದಂತೆ ಮುಚ್ಚಿದ ಪಾತ್ರೆಯಲ್ಲಿ ವಿಲೋ ಮರದ ಕಡ್ಡಿಗಳನ್ನೋ ದ್ರಾಕ್ಷಿ ಬಳ್ಳಿಯನ್ನೋ ಕಾಯಿಸಿ ಮಾಡಿದ ಮೃದುವಾದ ಇದ್ದಿಲು ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಅದರ ಪುಡಿ ತುಸು ಒರಟಾದ ಕಾಗದದ ಮೇಲ್ಮೈಯಲ್ಲಿ ಸಡಿಲವಾಗಿ ಕೂರುವುದರಿಂದ ಬಟ್ಟೆಯಿಂದ ತಟ್ಟಿದರೆ ಉದುರುತ್ತದೆ, ಹಿಟ್ಟಿನಂತೆ ನಾದಬಹುದಾದ ರಬ್ಬರಿನಿಂದ ಒತ್ತಿ ಎತ್ತಿದರೆ ಬೆಳಕಿನ ಜಾಗ ಮರಳಿ ಬರುತ್ತದೆ. ಪುಡಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಕಡ್ಡಿ ಹೆಚ್ಚು ಕಪ್ಪು, ಆದರೆ ಸುಲಭವಾಗಿ ಅಳಿಯದು. ಅದನ್ನು ಕೊನೆಯ ಗಾಢ ನೆರಳುಗಳಿಗೆ ಇಟ್ಟುಕೊಳ್ಳಬೇಕು. ಕಡ್ಡಿಯನ್ನು ಅಡ್ಡಲಾಗಿ ಮಲಗಿಸಿ ಎಳೆದರೆ ಒಂದೇ ಬೀಸಿಗೆ ಬೆನ್ನಿನಷ್ಟು ನೆರಳು ಬೀಳುತ್ತದೆ. ರೆಪ್ಪೆಯ ಕೂದಲು ಬರೆಯಲು ಅದು ಸುಲಭವಾಗಿ ಒಗ್ಗುವುದಿಲ್ಲ ಎಂಬುದು, ನನ್ನ ಮಟ್ಟಿಗೆ, ಅದರ ದೊಡ್ಡ ಗುಣ.

ದೀರ್ಘ ಭಂಗಿಗೆ ಒಂದೇ ಬದಿಯಿಂದ ಒಂದೇ ದೀಪವಿದ್ದರೆ ಅನುಕೂಲ. ಕಣ್ಣನ್ನು ಅರೆಮುಚ್ಚಿ ನೋಡಿ, ಮೊದಲು ಬೆಳಕು ಮತ್ತು ನೆರಳು ಎಂಬ ಎರಡೇ ಭಾಗ ಮಾಡಬೇಕು. ನೆರಳಿನ ಅತಿ ಗಾಢವಾದ ಪಟ್ಟಿ ದೇಹದ ಅಂಚಿನಲ್ಲಿರುವುದಿಲ್ಲ, ಬೆಳಕು ತಿರುಗುವೆಡೆಯಲ್ಲಿ, ತುಸು ಒಳಗಿರುತ್ತದೆ. ನೆಲ, ಗೋಡೆಗಳಿಂದ ಹಿಂದಿರುಗಿದ ಬೆಳಕು ಅಂಚನ್ನು ತಿಳಿಯಾಗಿಸುತ್ತದೆ. ಆ ತಿಳಿಯನ್ನು ಅತಿಯಾಗಿ ಬೆಳಗಿಸಿದರೆ ತೋಳು ತಗಡಿನ ಕೊಳವೆಯಾಗುತ್ತದೆ.

ರೂಪದರ್ಶಿಯ ಶ್ರಮ ನಮ್ಮದಕ್ಕಿಂತ ಕಡಿಮೆಯದಲ್ಲ. ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ವಿಶ್ರಾಂತಿ ಕೊಡುವುದು ರೂಢಿ. ಅವರನ್ನು ಮುಟ್ಟಿ ಭಂಗಿ ಸರಿಪಡಿಸಬಾರದು, ಅನುಮತಿಯಿಲ್ಲದೆ ಫೋಟೋ ತೆಗೆಯಬಾರದು. ಪಾದಗಳಿದ್ದ ಜಾಗವನ್ನು ಟೇಪಿನಿಂದ ಗುರುತಿಸಿಟ್ಟರೂ, ವಿಶ್ರಾಂತಿಯ ನಂತರ ಭುಜ ಒಂದಿಷ್ಟು ಇಳಿದಿರುತ್ತದೆ, ತಲೆ ಒಂದಿಷ್ಟು ತಿರುಗಿರುತ್ತದೆ. ಆಗ ಹಳೆಯ ಗೆರೆಗೆ ಜೋತುಬಿದ್ದು ರೂಪದರ್ಶಿಯ ಮೇಲೆ ಮುನಿಸಿಕೊಳ್ಳದೆ, ತೂಗುದಾರವನ್ನು ಮತ್ತೆ ಹಿಡಿದು ನೋಡಿ, ಬದಲಾದ ಭಾಗವನ್ನು ಬಟ್ಟೆಯಿಂದ ತಟ್ಟಿ ತೆಗೆದು ಹೊಸದಾಗಿ ಬರೆಯಬೇಕು.