ಅಳಿಸಿದ ಗೆರೆಯ ಬೆಲೆ

ಮಾನ್ಯರೇ,

ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಚಿತ್ರಕಲೆಯ ಬಗ್ಗೆ ಬರೆಯುತ್ತ ಒಂದು ಕುತೂಹಲದ ಸಂಗತಿಯನ್ನು ದಾಖಲಿಸಿದ್ದಾನೆ. ಅಪೆಲ್ಲಿಸನಂಥ ಗ್ರೀಕ್ ಕಲಾವಿದರು ಕೊನೆಯಲ್ಲಿ ಅರ್ಧಕ್ಕೆ ಬಿಟ್ಟುಹೋದ ಚಿತ್ರಗಳನ್ನು ಜನರು ಅವರ ಪೂರ್ಣ ಚಿತ್ರಗಳಿಗಿಂತ ಹೆಚ್ಚಾಗಿ ಮೆಚ್ಚುತ್ತಿದ್ದರಂತೆ; ಅವುಗಳಲ್ಲಿ ಮೊದಲ ಗೆರೆಗಳು ಹಾಗೆಯೇ ಉಳಿದು, ಕಲಾವಿದನ ಆಲೋಚನೆಯೇ ಕಣ್ಣಿಗೆ ಕಾಣುತ್ತಿದ್ದುದು ಅದಕ್ಕೆ ಕಾರಣ. ಕೆಲಸದ ನಡುವೆಯೇ ನಿಂತುಹೋದ ಕೈಯ ಬಗೆಗಿನ ಮರುಕವೂ ಆ ಮೆಚ್ಚುಗೆಯಲ್ಲಿ ಸೇರಿತ್ತೆಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾನೆ.

ಗುರಿಗಿಂತ ದಾರಿ ದೊಡ್ಡದು ಎಂಬ ಮಾತನ್ನು ನಾವೆಲ್ಲ ಬೇಕಾದಷ್ಟು ಕೇಳಿದ್ದೇವೆ. ಅದನ್ನೇ ಮತ್ತೆ ಹೇಳುವ ಉತ್ಸಾಹ ನನಗಿಲ್ಲ. ಪ್ಲಿನಿಯ ಮಾತು ಅದಕ್ಕಿಂತ ನಿಖರವಾದುದು. ಕಲೆಯ ರಚನೆಯೆಂದರೆ ಒಂದರ ಹಿಂದೊಂದು ಬರುವ ತೀರ್ಮಾನಗಳು. ಮುಗಿದ ಕೃತಿಯಲ್ಲಿ ಗೆದ್ದ ತೀರ್ಮಾನಗಳಷ್ಟೇ ಕಾಣುತ್ತವೆ, ಸೋತವು ಬಣ್ಣದ ಅಡಿಯಲ್ಲಿಯೋ ಕಸದ ಬುಟ್ಟಿಯಲ್ಲಿಯೋ ಸೇರಿಹೋಗುತ್ತವೆ. ಏನನ್ನು ಕೈಬಿಡಲಾಯಿತೆಂದು ತಿಳಿಯದೆ, ಉಳಿಸಿಕೊಂಡದ್ದರ ಬೆಲೆಯನ್ನು ಪೂರ್ತಿಯಾಗಿ ಅರಿಯುವುದು ಕಷ್ಟ.

ಇದಕ್ಕೆ ಸ್ಪೇನಿನ ಕಲಾವಿದ ಪಿಕಾಸೊನ ‘ಗೆರ್ನಿಕಾ’ ಚಿತ್ರಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ತಿಳಿದಿಲ್ಲ. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಎಂಬ ಊರಿನ ಮೇಲೆ ಬಾಂಬ್ ದಾಳಿ ನಡೆಯಿತು. ಮೇ 1ರಂದು ಪಿಕಾಸೊ ಮೊದಲ ಕರಡುಗಳನ್ನು ಬರೆದ. ಜೂನ್ ಮೊದಲ ಭಾಗದ ಹೊತ್ತಿಗೆ ಸುಮಾರು ಮೂರೂವರೆ ಮೀಟರ್ ಎತ್ತರ, ಎಂಟು ಮೀಟರಿಗೆ ತುಸು ಕಡಿಮೆ ಅಗಲದ ಆ ಚಿತ್ರ ಸಿದ್ಧವಾಗಿತ್ತು. ಕ್ಯಾನ್ವಾಸ್ ಬದಲಾಗುತ್ತ ಹೋದ ಹಂತಗಳನ್ನು ಛಾಯಾಗ್ರಾಹಕಿ ಡೋರಾ ಮಾರ್ ಸೆರೆಹಿಡಿದರು. ಮೊದಲ ಹಂತದಲ್ಲಿ, ನೆಲಕ್ಕುರುಳಿದ ಯೋಧನ ತೋಳು ಮುಷ್ಟಿ ಬಿಗಿದು ಮೇಲಕ್ಕೆ ಚಾಚಿದೆ. ಮುಂದಿನ ಹಂತದಲ್ಲಿ ಆ ಮುಷ್ಟಿಗೆ ತೆನೆಗಳ ಗೊಂಚಲು ಬಂದು, ಅದರ ಹಿಂದೆ ಸೂರ್ಯನಂಥ ದೊಡ್ಡ ವೃತ್ತ ಮೂಡಿದೆ. ಆಮೇಲೆ ತೋಳೂ ಇಲ್ಲ, ತೆನೆಯೂ ಇಲ್ಲ. ಮುಗಿದ ಚಿತ್ರದಲ್ಲಿ ಕಾಣುವುದು ಮುರಿದ ಕತ್ತಿ ಹಿಡಿದ ಕೈ, ಮೇಲೊಂದು ವಿದ್ಯುದ್ದೀಪ. ಎತ್ತಿದ ಮುಷ್ಟಿ ಆ ಕಾಲದ ಎಡಪಂಥೀಯರಿಗೆಲ್ಲ ಪರಿಚಿತವಾದ ಸಂಕೇತ. ಅದನ್ನು ಉಳಿಸಿದ್ದರೆ ಚಿತ್ರ ಒಂದು ಘೋಷಣೆಯಾಗಿ ನಿಲ್ಲುವ ಅಪಾಯವಿತ್ತೆಂದು ನಾನು ಭಾವಿಸುತ್ತೇನೆ. ಆದರೆ ಆ ಛಾಯಾಚಿತ್ರಗಳಿಲ್ಲದಿದ್ದರೆ, ಭರವಸೆಯ ಚಿಹ್ನೆಯೊಂದು ಅಲ್ಲಿತ್ತು, ಕಲಾವಿದ ಅದನ್ನು ಬೇಕೆಂದೇ ತೆಗೆದುಹಾಕಿದ ಎಂಬುದು ನಮಗೆ ಗೊತ್ತಾಗುತ್ತಿತ್ತೇ?

ಕೆಲವೊಮ್ಮೆ ಹೊಡೆದುಹಾಕುವ ಕ್ರಿಯೆಯೇ ಇನ್ನೊಂದು ಕಲೆಗೆ ಬಾಗಿಲಾಗುತ್ತದೆ. ರವೀಂದ್ರನಾಥ ಟಾಗೋರರು ಹಸ್ತಪ್ರತಿಗಳಲ್ಲಿ ಬೇಡವಾದ ಸಾಲುಗಳ ಮೇಲೆ ಗೀಟು ಎಳೆಯುತ್ತ, ಆ ಗೀಟುಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದಾಗ ಪಕ್ಷಿಗಳೂ ವಿಚಿತ್ರ ಪ್ರಾಣಿಗಳೂ ಪುಟದ ಮೇಲೆ ಮೂಡತೊಡಗಿದವು. ಅರವತ್ತು ದಾಟಿದ ಕವಿ ಹೀಗೆ ಚಿತ್ರಕಾರರಾದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಅಚ್ಚಾದ ಕವಿತೆಯನ್ನಷ್ಟೇ ಓದಿದವರಿಗೆ ಈ ಕಥೆಯ ಸುಳಿವೂ ಸಿಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರಕ್ರಿಯೆಗೆ ಬೆಲೆ ಕೊಡುವುದೆಂದರೆ ಬೆವರನ್ನು ತೂಗುವುದಲ್ಲ. ತನ್ನ ಚಿತ್ರವನ್ನು ಹೀಗಳೆದ ವಿಮರ್ಶಕ ರಸ್ಕಿನ್ ಮೇಲೆ ಕಲಾವಿದ ವಿಸ್ಲರ್ ಹೂಡಿದ ಮಾನನಷ್ಟ ಮೊಕದ್ದಮೆ 1878ರಲ್ಲಿ ಲಂಡನ್ನಿನಲ್ಲಿ ವಿಚಾರಣೆಗೆ ಬಂತು. ಎರಡು ದಿನಗಳ ದುಡಿಮೆಗೆ ಇನ್ನೂರು ಗಿನಿ ಕೇಳುತ್ತೀರಾ ಎಂದು ಎದುರಾಳಿ ವಕೀಲರು ಪ್ರಶ್ನಿಸಿದಾಗ, ತಾನು ಕೇಳುತ್ತಿರುವುದು ಜೀವಮಾನವಿಡೀ ಗಳಿಸಿದ ತಿಳಿವಳಿಕೆಯ ಬೆಲೆಯನ್ನು ಎಂದು ಅವನು ಉತ್ತರಿಸಿದ. ಮೊಕದ್ದಮೆ ಗೆದ್ದರೂ ಅವನಿಗೆ ಸಿಕ್ಕಿದ ಪರಿಹಾರ ಒಂದು ಫಾರ್ದಿಂಗ್, ಅಂದಿನ ಅತಿ ಚಿಕ್ಕ ನಾಣ್ಯಗಳಲ್ಲೊಂದು. ಅದು ಬೇರೆ ಮಾತು. ಗಂಟೆಗಳ ಲೆಕ್ಕದಲ್ಲಿ ರಚನೆಯನ್ನು ಅಳೆಯಹೊರಟರೆ, ಹಿಂದೆ ಮಾಡಿ ಬಿಟ್ಟ ನೂರು ಚಿತ್ರಗಳು ಮುಂದಿನ ಒಂದು ಗೆರೆಯಲ್ಲಿ ಹೇಗೆ ಸೇರಿಕೊಳ್ಳುತ್ತವೆ ಎಂಬುದು ಲೆಕ್ಕದಿಂದ ಹೊರಗುಳಿಯುತ್ತದೆ.

ಪ್ರಕ್ರಿಯೆಯೂ ಪ್ರದರ್ಶನದ ವಸ್ತುವಾಗಬಲ್ಲದು. ಅಮೆರಿಕದ ರಾಬರ್ಟ್ ಮಾರಿಸ್ 1961ರಲ್ಲಿ ಮರದ ಚಿಕ್ಕ ಪೆಟ್ಟಿಗೆಯೊಂದನ್ನು ತಯಾರಿಸಿ, ಅದನ್ನು ಕೊಯ್ದು ಜೋಡಿಸುವಾಗ ಎದ್ದ ಸದ್ದುಗಳ ಸುಮಾರು ಮೂರೂವರೆ ಗಂಟೆಯ ಧ್ವನಿಮುದ್ರಣವನ್ನು ಅದರೊಳಗೇ ಇಟ್ಟ. ಆ ಸದ್ದನ್ನು ಅವನು ಚಿಕ್ಕದಾಗಿಸಲಿಲ್ಲ. ಇಂದು ಮೊಬೈಲಿನಲ್ಲಿ ಅರ್ಧ ನಿಮಿಷಕ್ಕೆ ಇಳಿಸಿ ತೋರಿಸುವ ಚಿತ್ರರಚನೆಯ ವಿಡಿಯೊಗಳು ಇದಕ್ಕೆ ತದ್ವಿರುದ್ಧ: ಅಲ್ಲಿ ಕೈ ಎಲ್ಲಿಯೂ ಅನುಮಾನಿಸುವುದಿಲ್ಲ, ನಿಂತು ಯೋಚಿಸಿದ ಹೊತ್ತನ್ನೆಲ್ಲ ಕತ್ತರಿಸಲಾಗಿರುತ್ತದೆ. ಅವು ನನ್ನ ದೃಷ್ಟಿಯಲ್ಲಿ ಮುಗಿದ ಕೃತಿಯ ಇನ್ನೊಂದು ರೂಪವಷ್ಟೇ.

ಕಲಾಶಿಕ್ಷಣದಲ್ಲಿಯೂ ಇದೇ ತೊಡಕಿದೆ. ಅಂತಿಮ ಚಿತ್ರದ ಜೊತೆಗೆ ಕರಡುಗಳಿಗೂ ಅಂಕ ಕೊಡುವ ಏರ್ಪಾಟು ಒಳ್ಳೆಯದೇ. ಆದರೆ ಅಂಕ ಬಂದ ಕೂಡಲೇ, ಚಿತ್ರ ಮುಗಿಸಿದ ಮೇಲೆ ಅದಕ್ಕೆ ಹೊಂದುವಂಥ ಕರಡುಗಳನ್ನು ರಾತ್ರೋರಾತ್ರಿ ತಯಾರಿಸುವ ವಿದ್ಯಾರ್ಥಿಗಳೂ ಬರುತ್ತಾರೆ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ನಾವು ಕೇಳಿದ್ದು ಕಾಗದವನ್ನು, ಅವರು ಕೊಟ್ಟದ್ದೂ ಕಾಗದವನ್ನೇ. ಶಿಕ್ಷಕರು ಚಿತ್ರ ಇನ್ನೂ ಕೆಟ್ಟದಾಗಿಯೇ ಇರುವಾಗ ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತು, ಈ ಮೂಲೆಯಲ್ಲಿ ನಿನ್ನೆ ಏನಿತ್ತು, ಏಕೆ ತೆಗೆದೆ ಎಂದು ಕೇಳಬೇಕಾಗುತ್ತದೆ. ಅದಕ್ಕೆ ತರಗತಿಯಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಿರಬೇಕು, ಸಮಯ ಹೆಚ್ಚಿರಬೇಕು, ಜೊತೆಗೆ ‘ಗೊತ್ತಿಲ್ಲ, ಸರಿಯಾಗಿ ಕಾಣಲಿಲ್ಲ’ ಎಂಬ ಉತ್ತರವನ್ನೂ ಪೂರ್ಣ ಉತ್ತರವೆಂದು ಸ್ವೀಕರಿಸುವ ಶಿಕ್ಷಕರಿರಬೇಕು.